ಜಾಗ ಸಾಲಲಿಲ್ಲ ಅಣ್ಣ



ಉದ್ದದ ಪೋಸ್ಟು. ಕರಪತ್ರ, ಬ್ಯಾನರು, ಪೋಸ್ಟರು ಮಾಡಿಸುವ ಜವಾಬ್ದಾರಿ ಇರುವವರು ದಯವಿಟ್ಟು ಕೊನೆತನಕ ಓದಿ. ಮಿಕ್ಕವರು ಬಿಡುವಾದಾಗ ಓದಿ.

ಕಳೆದ ತಿಂಗಳು ಒಂದು ರಾತ್ರಿ ಹತ್ತೂವರೆಗೆ ನಮ್ಮ ತಾಲ್ಲೂಕಿನ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಫ್ಲೆಕ್ಸ್ ಡಿಸೈನ್ ಕಳಿಸಿದ. "ಅಣ್ಣ, ಬೆಳಿಗ್ಗೆ ಪ್ರಿಂಟಿಗೆ ಕೊಡ್ಬೇಕು, ಒಂದ್ಸಲ ನೋಡಿ ಓಕೆ ಅನ್ನಿ." ಎಂಟಡಿ ಅಗಲ, ನಾಲ್ಕಡಿ ಎತ್ತರ. ನಮ್ಮ ಕೇರಿಗೆ ಸ್ಮಶಾನದ ಜಾಗ ಕೊಡಿ ಅಂತ ತಾಲ್ಲೂಕು ಕಚೇರಿ ಮುಂದೆ ಕೂರುವ ಧರಣಿಗೆ ಮಾಡಿಸಿದ್ದು. ಮೊಬೈಲ್ ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ಎಣಿಸಿದೆ. ಮೂವತ್ತೊಂದು ತಲೆ. ಬಾಬಾಸಾಹೇಬರು ಎಡಗಡೆ ಮೇಲಿನ ಮೂಲೆಯಲ್ಲಿ, ನಮ್ಮ ಹೋಬಳಿ ಅಧ್ಯಕ್ಷರಿಗಿಂತ ಚಿಕ್ಕದಾಗಿ. ನಡುವೆ "ಬೃಹತ್ ಪ್ರತಿಭಟನೆ" ಅಂತ ಕೆಂಪು ಅಕ್ಷರ, ಅದಕ್ಕೆ ಹಳದಿ ಅಂಚು, ಅದರ ಹಿಂದೆ ಕಪ್ಪು ನೆರಳು. ದಿನಾಂಕ ಯಾರದೋ ಷರಟಿನ ಮೇಲೆ ಕೂತಿತ್ತು. ಸ್ಮಶಾನ ಅನ್ನೋ ಪದ ಎಲ್ಲೂ ಇಲ್ಲ.

ಫೋನ್ ಮಾಡಿದೆ. "ಏನಪ್ಪಾ, ಯಾತಕ್ಕೆ ಧರಣಿ ಅಂತಾನೇ ಇಲ್ವಲ್ಲ?"

"ಹಾಕಿದ್ದೆ ಅಣ್ಣ. ಆಮೇಲೆ ಇನ್ನೂ ನಾಲ್ಕು ಜನರ ಫೋಟೋ ಬಂತು. ಜಾಗ ಸಾಲಲಿಲ್ಲ."

ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದ ನಮಗೆ ಕಚೇರಿಯವರು ಹೇಳ್ತಾ ಬಂದಿರೋದೂ ಇದೇ ಮಾತು, ಜಾಗ ಇಲ್ಲ ಅಂತ. ಸತ್ತವರನ್ನ ಹಳ್ಳದ ಬದಿಯಲ್ಲಿ ಹೂತು, ಮಳೆ ಬಂದರೆ ರಾತ್ರಿಯೆಲ್ಲ ನಿದ್ದೆ ಬಾರದೆ ಒದ್ದಾಡೋ ಜನ ನಾವು. ನಮ್ಮ ಸತ್ತವರಿಗೆ ನಮ್ಮದೇ ಫ್ಲೆಕ್ಸ್‌ನಲ್ಲೂ ಜಾಗ ಸಾಲಲಿಲ್ಲ.

ಆ ಹುಡುಗನ್ನ ಬಯ್ಯೋಕೆ ಇದನ್ನ ಬರೀತಿಲ್ಲ. ಅವನು ಬಂಗಾರದಂಥ ಹುಡುಗ. ಅವನಿಗಿಂತ ದೊಡ್ಡ ತಪ್ಪನ್ನ ನಾನೇ ಮಾಡಿದ್ದೀನಿ. ಅದನ್ನ ಮೊದಲು ಹೇಳ್ತೀನಿ.

ಎಂಟು ವರ್ಷದ ಹಿಂದೆ. ನಿವೇಶನ ಇಲ್ಲದವರ ಅರ್ಜಿ ತಗೊಳ್ಳೋಕೆ ಅಧಿಕಾರಿಗಳು ನಮ್ಮ ಊರಿಗೇ ಬರೋದು ಅಂತ ಆಯ್ತು. ಕರಪತ್ರದ ಕೆಲಸ ನನ್ನ ಪಾಲಿಗೆ ಬಂತು. ಕಚೇರಿಯಲ್ಲಿ ದಿನಾ ನೋಟಿಸು ಟೈಪ್ ಮಾಡೋನು, ನನಗೆ ಗೊತ್ತಿಲ್ಲದ್ದು ಏನಿದೆ ಅನ್ನೋ ಗತ್ತು. ಡಿಟಿಪಿ ಅಂಗಡಿಯಲ್ಲಿ ಪಕ್ಕ ಕೂತು ಮಾಡಿಸಿದೆ. ಇಡೀ ಹಾಳೆಗೆ ಕಡುನೀಲಿ, ಅದರ ಮೇಲೆ ಸಣ್ಣ ಬಿಳಿ ಅಕ್ಷರ. ಪ್ರೆಸ್ಸಿನವರು ಹೇಳಿದ್ರು, "ಸಾರ್, ಈ ಕಾಗದಕ್ಕೆ ಅಕ್ಷರ ತುಂಬ್ಕೊಳ್ಳುತ್ತೆ." ನಾನು ಕೇಳಲಿಲ್ಲ. ನೀಲಿ ನಮ್ಮ ಬಣ್ಣ, ಇರಲಿ ಅಂದೆ.

ಅಚ್ಚಾಗಿ ಬಂದ ದಿನ ಸಂಜೆ ಅವ್ವನ ಕೈಗೆ ಒಂದು ಕೊಟ್ಟೆ. ನಮ್ಮವ್ವ ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಅಕ್ಷರ ಕಲಿತವಳು. ಕೂಲಿ ಮುಗಿಸಿ ಬಂದು, ರಾತ್ರಿ ಲಾಟೀನಿನ ಮುಂದೆ ಕೂತು ಕಲಿತಳು. ಬಸ್ಸಿನ ಬೋರ್ಡನ್ನ ತಾನೇ ಓದಿ ಹತ್ತಿದ ದಿನ ಊರೆಲ್ಲ ಹೇಳಿಕೊಂಡು ಬಂದಿದ್ದಳು. ಅವತ್ತು ಕರಪತ್ರವನ್ನ ಹತ್ತಿರ ಹಿಡಿದಳು, ದೂರ ಹಿಡಿದಳು, ಬೆಳಕಿಗೆ ಹಿಡಿದಳು. ಆಮೇಲೆ ಮಡಚಿ ಪಕ್ಕಕ್ಕಿಟ್ಟು ಅಂದಳು: "ಓದು ಮರ್ತೋಯ್ತು ಕಣಪ್ಪ. ಒಂದಕ್ಷರಾನೂ ಕೂಡ್ತಿಲ್ಲ."

ಕಣ್ಣಿನ ತೊಂದರೆ ಇರಬಹುದು ಅಂತ ಆಸ್ಪತ್ರೆಗೆ ಕರ್ಕೊಂಡು ಹೋದೆ. ಕಣ್ಣು ಸರಿಯಾಗೇ ಇತ್ತು, ಕನ್ನಡಕಾನೂ ಸರಿಯಾಗೇ ಇತ್ತು. ಗೋಡೆ ಮೇಲಿನ ದೊಡ್ಡ ಅಕ್ಷರಗಳನ್ನ ಅವ್ವ ಪಟಪಟ ಓದಿದಳು.

ಅರ್ಜಿ ಕೊಡೋ ದಿನ ಎಂಬತ್ತು ಮನೆಯವರು ಬರಬೇಕಿತ್ತು. ಹತ್ತೊಂಬತ್ತು ಜನ ಬಂದ್ರು. ಆಮೇಲೆ ಮನೆಮನೆಗೆ ಹೋಗಿ ಕೇಳಿದೆ. ಕೆಲವರು ಅದನ್ನ ಜಯಂತಿಯ ಆಹ್ವಾನ ಅಂದ್ಕೊಂಡಿದ್ರು. ಎರಡು ಮನೆಯಲ್ಲಿ ನೀಲಿ ಚೆನ್ನಾಗೈತೆ ಅಂತ ಗೋಡೆಗೆ ಅಂಟಿಸಿದ್ರು. ಓದಿರಲಿಲ್ಲ, ಓದೋಕೆ ಆಗಿರಲಿಲ್ಲ.

ಅವತ್ತು ನನಗೆ ಒಂದು ವಿಷಯ ತಿಳೀತು. ಚಿಕ್ಕಂದಿನಲ್ಲೇ ಶಾಲೆಗೆ ಹೋದವರು ಓದೋಕೆ ಆಗದಿದ್ರೆ ಕಾಗದವನ್ನ ಬೈತಾರೆ. ತಡವಾಗಿ ಅಕ್ಷರ ಕಲಿತವರು ತಮ್ಮನ್ನೇ ಬೈಕೊಳ್ತಾರೆ. ನಮ್ಮವ್ವ ಕಷ್ಟಪಟ್ಟು ಗಳಿಸಿದ್ದನ್ನ ನನ್ನ ಕರಪತ್ರ ಒಂದು ಸಂಜೆಯಲ್ಲಿ ಕಿತ್ಕೊಂಡಿತ್ತು.

ಅದಾದ ಮೇಲೆ ಕೆಲವು ತಿಂಗಳು, ಕಚೇರಿ ಮುಗಿಸಿ ಒಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಯಲ್ಲಿ ಹೋಗಿ ಕೂತೆ. ಅಲ್ಲಿನ ಹಿರಿಯರನ್ನ ಎಲ್ಲರೂ ಚಾಚಾ ಅಂತಿದ್ರು. ಹುಡುಗರಾಗಿದ್ದಾಗ ಅವರು ಮೊಳೆ ಜೋಡಿಸೋ ಕೆಲಸ ಮಾಡ್ತಿದ್ದವರು. ಸೀಸದ ಅಚ್ಚುಮೊಳೆಗಳು, ಒಂದೊಂದಕ್ಕೂ ಒಂದೊಂದು ಗೂಡು. ಕನ್ನಡಕ್ಕೆ ಒತ್ತು, ಗುಣಿತ ಎಲ್ಲಕ್ಕೂ ಬೇರೆ ಬೇರೆ ಮೊಳೆ ಬೇಕು, ಇಂಗ್ಲಿಷಿಗಿಂತ ಗೂಡುಗಳೂ ಜಾಸ್ತಿ. ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಇರುತ್ತೆ, ಅದನ್ನ ಉಲ್ಟಾನೇ ಓದಿ ತಪ್ಪು ಹಿಡೀಬೇಕು. "ಮೊಳೆ ಖಾಲಿಯಾದ್ರೆ ಪದಾನೇ ಬದಲಾಯಿಸ್ತಿದ್ವಿ. ಹಂಗಾಗಿ ಬೇಡದ ಪದ ಹಾಕ್ತಾನೇ ಇರ್ಲಿಲ್ಲ" ಅಂತಿದ್ರು ಚಾಚಾ.

ಸ್ಕ್ರೀನ್ ಪ್ರಿಂಟಿಂಗನ್ನ ಕಣ್ಣಾರೆ ನೋಡಿಲ್ಲದವರಿಗೆ ಹೇಳ್ತೀನಿ. ಮರದ ಚೌಕಟ್ಟಿಗೆ ಸಣ್ಣ ಕಣ್ಣಿನ ನೈಲಾನ್ ಬಲೆ ಬಿಗಿದು ಕಟ್ಟಿರ್ತಾರೆ. ಮಂದ ಬೆಳಕಿನಲ್ಲಿ ಅದಕ್ಕೆ ಒಂದು ದ್ರಾವಣ ಸವರಿ ಒಣಗಿಸ್ತಾರೆ. ಅದರ ಕೆಳಗೋ ಮೇಲೋ, ಕಪ್ಪಾಗಿ ಪ್ರಿಂಟ್ ಮಾಡಿದ ಟ್ರೇಸಿಂಗ್ ಕಾಗದ ಇಟ್ಟು ಬಿಸಿಲಿಗೋ ಟ್ಯೂಬ್‌ಲೈಟಿಗೋ ಹಿಡೀತಾರೆ. ಬೆಳಕು ತಾಗಿದ ಕಡೆ ದ್ರಾವಣ ಗಟ್ಟಿಯಾಗುತ್ತೆ. ಕಪ್ಪು ಅಕ್ಷರ ಬೆಳಕನ್ನ ತಡೆದ ಕಡೆ ಮೆತ್ತಗೇ ಉಳಿಯುತ್ತೆ, ನೀರು ಹಾಕಿದ್ರೆ ತೊಳೆದು ಹೋಗುತ್ತೆ. ಆಮೇಲೆ ಮೇಲಿಂದ ಬಣ್ಣ ಹಾಕಿ ರಬ್ಬರ್ ಪಟ್ಟಿಯಿಂದ ಎಳೆದ್ರೆ, ತೊಳೆದು ಹೋದ ಜಾಗದಿಂದ ಮಾತ್ರ ಬಣ್ಣ ಬಟ್ಟೆಗೋ ಕಾಗದಕ್ಕೋ ಇಳಿಯುತ್ತೆ. ಒಂದು ಬಣ್ಣಕ್ಕೆ ಒಂದು ಚೌಕಟ್ಟು. ಎರಡನೇ ಬಣ್ಣ ಬೇಕು ಅಂದ್ರೆ ಮೊದಲಿಂದ ಇನ್ನೊಂದು ಸಲ ಎಲ್ಲಾ ಮಾಡಬೇಕು.

ಇದರಲ್ಲಿ ನನಗೆ ಕಂಡ ಪಾಠ ಏನಂದ್ರೆ, ಹೆಚ್ಚಿಗೆ ಏನೇ ಸೇರಿಸಿದ್ರೂ ಯಾರದೋ ತೋಳು ನೋಯುತ್ತೆ. ಆದ್ದರಿಂದ ಇದು ಬೇಕಾ ಅಂತ ಕೇಳ್ಕೋತೀವಿ. ಕಂಪ್ಯೂಟರ್‌ನಲ್ಲಿ ನೆರಳು, ಹೊಳಪು, ಹೂಬಳ್ಳಿ, ಹದಿನಾರು ಬಣ್ಣ ಎಲ್ಲಾ ಪುಕ್ಕಟೆ. ಅದಕ್ಕೇ ಸುರೀತೀವಿ.

ಆಫ್‌ಸೆಟ್ ಬೇರೆ ಥರ. ನೀರಿಗೂ ಎಣ್ಣೆಗೂ ಆಗಿಬರಲ್ಲ ಅನ್ನೋದೇ ಅದರ ಗುಟ್ಟು. ಪ್ಲೇಟಿನ ಮೇಲೆ ಅಕ್ಷರ ಇರೋ ಕಡೆ ಎಣ್ಣೆಯ ಮಸಿ ಹಿಡಿಯುತ್ತೆ, ಇಲ್ಲದ ಕಡೆ ನೀರು ಹಿಡಿದು ಮಸಿಯನ್ನ ದೂರ ಇಡುತ್ತೆ. ಪ್ಲೇಟಿನಿಂದ ರಬ್ಬರ್ ಹೊದಿಕೆಗೆ, ಅಲ್ಲಿಂದ ಕಾಗದಕ್ಕೆ. ಹಳೇ ಕಲ್ಲಚ್ಚಿನ ಗುಟ್ಟೂ ಇದೇ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಮಂಗಳೂರಲ್ಲಿ ಹೊರಬಂದಿದ್ದು ಕಲ್ಲಚ್ಚಿನಲ್ಲೇ. ಇವತ್ತು ನಮ್ಮ ಕರಪತ್ರ ಆಗೋದು ಅದರ ಮರಿಮಗನಂಥ ಯಂತ್ರದಲ್ಲಿ.

ಚಾಚಾ ಅಂಗಡಿಯಲ್ಲಿ, ಆಮೇಲೆ ನಾಲ್ಕಾರು ಪ್ರೆಸ್ಸುಗಳಲ್ಲಿ ಬೈಸಿಕೊಂಡು ಕಲಿತದ್ದನ್ನ ಬರೀತೀನಿ. ಬರೆದಿಟ್ಕೊಳ್ಳಿ.

1. ಒಂದು ಹಾಳೆಗೆ ಒಂದು ಮಾತು. ಯಾತಕ್ಕೆ, ಯಾವತ್ತು, ಎಲ್ಲಿ, ಯಾರು ಕರೀತಿರೋದು. ಈ ನಾಲ್ಕು, ಇದೇ ಕ್ರಮದಲ್ಲಿ. "ಯಾತಕ್ಕೆ" ಅನ್ನೋದು ಎಲ್ಲಕ್ಕಿಂತ ದೊಡ್ಡದು. "ಬೃಹತ್ ಪ್ರತಿಭಟನೆ" ದೊಡ್ಡದಲ್ಲ. ಪ್ರತಿಭಟನೆ ಬೃಹತ್ತೋ ಅಲ್ಲವೋ ಅವತ್ತು ಜನ ಬಂದಾಗ ಗೊತ್ತಾಗುತ್ತೆ.

2. ಅಳತೆಯೇ ದನಿ. ಇಂಗ್ಲಿಷಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ಅಂತ ಇದೆ, ಕನ್ನಡದಲ್ಲಿ ಇಲ್ಲ. ಹಾಗಾಗಿ ನಮಗೆ ಗಾತ್ರ, ದಪ್ಪ, ಬಣ್ಣ ಇವು ಮೂರೇ ಆಧಾರ. ಮೂರು ಗಾತ್ರ ಸಾಕು: ಕೂಗೋದು, ಹೇಳೋದು, ವಿವರಿಸೋದು. ಎಲ್ಲವನ್ನೂ ದಪ್ಪ ಮಾಡಿದ್ರೆ ಸಂತೆಯಲ್ಲಿ ಎಲ್ಲರೂ ಒಟ್ಟಿಗೆ ಕೂಗಿದ ಹಾಗೆ, ಯಾರದೂ ಕೇಳಲ್ಲ. ಬ್ಯಾನರಿಗೆ ಬೋರ್ಡ್ ಬರೆಯೋರ ಒಂದು ಲೆಕ್ಕ ಇದೆ. ಹತ್ತಡಿ ದೂರಕ್ಕೆ ಕನಿಷ್ಠ ಒಂದಿಂಚು ಎತ್ತರದ ಅಕ್ಷರ. ರಸ್ತೆಯ ಆಚೆ ಬದಿಯಲ್ಲಿ ಮೂವತ್ತಡಿ ದೂರ ನಿಂತವರು ಓದಬೇಕಾದ್ರೆ ಮೂರಿಂಚು ಬೇಕೇಬೇಕು.

3. ಕನ್ನಡಕ್ಕೆ ಉಸಿರಾಡೋ ಜಾಗ ಬಿಡಿ. ನಮ್ಮ ಅಕ್ಷರ ಒಂದೇ ಗೆರೆ ಮೇಲೆ ಕೂರಲ್ಲ. ಮೇಲೆ ಗುಣಿತ ಏಳುತ್ತೆ, ಕೆಳಗೆ ಒತ್ತು ಇಳಿಯುತ್ತೆ. "ಅಸ್ಪೃಶ್ಯತೆ" ಅಂತ ಬರೆದು ನೋಡಿ, ಒಂದೇ ಪದದ ಕೆಳಗೆ ಎಷ್ಟು ನೇತಾಡುತ್ತೆ ಅಂತ. ಸಾಲುಗಳನ್ನ ಒತ್ತೊತ್ತಾಗಿ ಇಟ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತೆ. ಅಕ್ಷರ 14 ಪಾಯಿಂಟ್ ಇದ್ರೆ ಸಾಲಿನ ಅಂತರ 20 ಪಾಯಿಂಟ್ ಇರಲಿ. ಜಾಗಕ್ಕೆ ಹೊಂದಿಸೋಕೆ ಅಂತ ಅಕ್ಷರವನ್ನ ಎಳೆದು ಉದ್ದ ಮಾಡೋದು, ಅಮುಕಿ ಅಗಲ ಮಾಡೋದು ಬೇಡ. ಜಾಗ ಸಾಲದಿದ್ರೆ ಮಾತು ಕಡಿಮೆ ಮಾಡಿ.

4. ಬಣ್ಣ. ಬಿಳಿ ಮೇಲೆ ಕಪ್ಪು, ಬಿಳಿ ಮೇಲೆ ಕಡುನೀಲಿ. ಬಡವರ ಕರಪತ್ರಕ್ಕೆ ಇದಕ್ಕಿಂತ ಒಳ್ಳೇದು ಇಲ್ಲ. ಕಡುಬಣ್ಣದ ಮೇಲೆ ಬಿಳಿ ಅಕ್ಷರ ತಲೆಬರಹಕ್ಕೆ ಮಾತ್ರ, ದಪ್ಪಗೆ. ತೆಳು ಕಾಗದ ಮಸಿ ಹೀರಿ ಹರಡುತ್ತೆ, ಸಣ್ಣ ಬಿಳಿ ಅಕ್ಷರದ ಹೊಟ್ಟೆ, ಒತ್ತು ಎಲ್ಲಾ ಮುಚ್ಚಿ ಹೋಗುತ್ತೆ. ನನ್ನ ಕರಪತ್ರದಲ್ಲಿ ಆಗಿದ್ದು ಇದೇ. ನೀಲಿ ಬಗ್ಗೆ ಇನ್ನೊಂದು ಮಾತು. ಪರದೆ ಮೇಲೆ ಹೊಳೆಯೋ ನೀಲಿ ಬೆಳಕಿನದು, ಅಚ್ಚಿನ ನೀಲಿ ಮಸಿಯದು. ನಾಲ್ಕು ಬಣ್ಣದ ಅಚ್ಚಿನಲ್ಲಿ ಸಯಾನ್ 100, ಮಜೆಂತಾ 100 ಕೊಟ್ರೆ ನೀಲಿ ಬರಲ್ಲ, ನೇರಳೆ ಬರುತ್ತೆ. ಮಜೆಂತಾವನ್ನ 70ಕ್ಕಿಂತ ಮೇಲೆ ಬಿಡಬೇಡಿ. 1942ರಲ್ಲಿ ಬಾಬಾಸಾಹೇಬರು ಕಟ್ಟಿದ ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಷನ್ನಿನ ಬಾವುಟದಿಂದ ನಮಗೆ ಬಂದ ಬಣ್ಣ ಇದು. ಅದು ನೀಲಿಯಾಗೇ ಇರಲಿ.

5. ಖಾಲಿ ಜಾಗ ವ್ಯರ್ಥ ಅಲ್ಲ. ಸುತ್ತ ಬಯಲಿದ್ರೆ ಒಂಟಿ ಮರ ದೂರದಿಂದ ಕಾಣುತ್ತೆ. ದಿನಾಂಕ, ಸಮಯ, ಸ್ಥಳ ಮೂರನ್ನೂ ಒಂದೇ ಕಡೆ ಗುಂಪಾಗಿ ಇಡಿ, ಒಂದು ಮೇಲೆ ಒಂದು ಕೆಳಗೆ ಚದುರಿಸಬೇಡಿ. ಎಡಗಡೆ ಎಲ್ಲಾ ಸಾಲೂ ಒಂದೇ ಗೆರೆಯಿಂದ ಶುರುವಾಗಲಿ, ನಿಧಾನವಾಗಿ ಓದೋರ ಬೆರಳು ತಪ್ಪಲ್ಲ. ಅಂಚಿನಿಂದ ಅರ್ಧ ಇಂಚಾದ್ರೂ ಒಳಗೆ ಬರೀಬೇಕು. ಪ್ರೆಸ್ಸಿನಲ್ಲಿ ನೂರಾರು ಹಾಳೆ ಒಟ್ಟಿಗೆ ಇಟ್ಟು ಕತ್ತರಿಸ್ತಾರೆ, ಕೂದಲೆಳೆ ಆಚೀಚೆ ಆಗುತ್ತೆ. ಅಂಚಿನಲ್ಲಿರೋದು ಮೊದಲು ಕತ್ತರಿಗೆ ಸಿಗುತ್ತೆ. ಇದನ್ನ ನಮಗೆ ಯಾರೂ ಹೊಸದಾಗಿ ಹೇಳ್ಕೊಡಬೇಕಿಲ್ಲ.

6. ಫೈಲಿನ ವಿಷಯ. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತಲೆಬುಡ ಇಲ್ಲದ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತೆ. ಯೂನಿಕೋಡ್ ಬಳಸಿ. ನೋಟೋ ಸ್ಯಾನ್ಸ್ ಕನ್ನಡ, ಬಲೂ ತಮ್ಮ ಇವೆಲ್ಲ ಪುಕ್ಕಟೆ ಸಿಗ್ತವೆ. ಕೆಲವು ಸಾಫ್ಟ್‌ವೇರ್‌ನಲ್ಲಿ ಭಾರತೀಯ ಭಾಷೆಯ ಸೆಟ್ಟಿಂಗ್ ಆನ್ ಮಾಡದಿದ್ರೆ ಒತ್ತು ಕಳಚಿ ಪಕ್ಕಕ್ಕೆ ಬೀಳುತ್ತೆ. "ಸಂಘರ್ಷ" ಅನ್ನೋ ಪದ ಮುರಿದು ಬಿದ್ದ ಬ್ಯಾನರನ್ನ ನೀವೂ ನೋಡಿರ್ತೀರಿ. ಎಲ್ಲಾ ಸರಿಯಾದ ಮೇಲೆ ಅಕ್ಷರವನ್ನ ಕರ್ವ್ಸ್ ಮಾಡಿ ಪಿಡಿಎಫ್ ಕೊಡಿ, ಆಗ ಯಾವ ಪ್ರೆಸ್ಸಿನಲ್ಲೂ ಬದಲಾಗಲ್ಲ. ಫೋಟೋ ಹಾಕಲೇಬೇಕು ಅಂದ್ರೆ ಲೆಕ್ಕ ಇದು: ಆಫ್‌ಸೆಟ್ಟಿಗೆ ಇಂಚಿಗೆ 300 ಚುಕ್ಕಿ ಬೇಕು. 900 ಪಿಕ್ಸೆಲ್ ಅಗಲದ ಫೋಟೋ ಮೂರಿಂಚಿಗೆ ಚೆನ್ನಾಗಿ ಬರುತ್ತೆ, ಅದನ್ನೇ ಒಂಬತ್ತು ಇಂಚಿಗೆ ಎಳೆದ್ರೆ ಬಾಬಾಸಾಹೇಬರ ಮುಖ ಇಟ್ಟಿಗೆ ಗೋಡೆ ಥರ ಆಗುತ್ತೆ. ವಾಟ್ಸಾಪ್ ಫೋಟೋವನ್ನ ಕುಗ್ಗಿಸುತ್ತೆ, ಡಾಕ್ಯುಮೆಂಟ್ ಅಂತ ಕಳಿಸಿ.

7. ಯಾವುದಕ್ಕೆ ಯಾವ ಅಚ್ಚು. ಐವತ್ತೋ ನೂರೋ ಪ್ರತಿ ಆದ್ರೆ ಜೆರಾಕ್ಸ್ ಸಾಕು. ಸಾವಿರ ಅಂದ್ರೆ ಒಂದು ಬಣ್ಣದ ಆಫ್‌ಸೆಟ್, ಡೆಮಿ ಎಂಟನೇ ಒಂದು ಭಾಗದ ಹಾಳೆ, ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಪ್ಲೇಟಿನ ಖರ್ಚು ಐನೂರಕ್ಕೂ ಅಷ್ಟೇ ಸಾವಿರಕ್ಕೂ ಅಷ್ಟೇ, ಹೆಚ್ಚಾಗೋದು ಮುಖ್ಯವಾಗಿ ಕಾಗದದ್ದು. ಬ್ಯಾನರಿಗೆ ಆದಷ್ಟು ಬಟ್ಟೆ ಮೇಲೆ ಸ್ಕ್ರೀನ್ ಪ್ರಿಂಟ್ ಮಾಡಿಸಿ. ಮಡಚಿ ಎತ್ತಿಟ್ರೆ ಮುಂದಿನ ವರ್ಷಕ್ಕೂ ಆಗುತ್ತೆ. ಫ್ಲೆಕ್ಸ್ ಕೊನೆಗೆ ಹೋಗೋದು ಯಾರದೋ ಗುಡಿಸಲ ಸೂರಿಗೆ, ಇಲ್ಲಾ ಚರಂಡಿಗೆ.

ಇಷ್ಟೆಲ್ಲ ಯಾಕೆ, ಹೋರಾಟಕ್ಕೆ ಬರೋರು ಬರ್ತಾರೆ ಅಂತ ಕೆಲವು ಸಂಗಾತಿಗಳು ಅಂತಾರೆ. ಅವರಿಗೆ ಒಂದು ಹಳೇ ಮಾತು ನೆನಪಿಸ್ತೀನಿ. 1920ರ ಜನವರಿ 31ರಂದು ಬಾಬಾಸಾಹೇಬರು ಮುಂಬೈಯಲ್ಲಿ 'ಮೂಕನಾಯಕ' ಶುರು ಮಾಡಿದಾಗ ಅವರ ಕೈಯಲ್ಲಿ ದುಡ್ಡಿರಲಿಲ್ಲ. ಕೊಲ್ಹಾಪುರದ ಶಾಹು ಮಹಾರಾಜರು 2,500 ರೂಪಾಯಿ ಕೊಟ್ರು. ಪತ್ರಿಕೆ ಬರ್ತಿದೆ ಅನ್ನೋ ಜಾಹೀರಾತನ್ನ 'ಕೇಸರಿ' ಪತ್ರಿಕೆಗೆ ಕಳಿಸಿದ್ರು. ದುಡ್ಡು ಕೊಡ್ತೀವಿ ಅಂದ್ರೂ ಅವರು ಹಾಕಲಿಲ್ಲ. ಜಾಗ ಕೊಡಲಿಲ್ಲ. ಬಾಬಾಸಾಹೇಬರು ಅಲ್ಲಿಗೆ ನಿಲ್ಲಲಿಲ್ಲ. 1927ರಲ್ಲಿ 'ಬಹಿಷ್ಕೃತ ಭಾರತ', 1930ರಲ್ಲಿ 'ಜನತಾ', ಅದೇ 1956ರಲ್ಲಿ 'ಪ್ರಬುದ್ಧ ಭಾರತ' ಆಯ್ತು. ಬೇರೆಯವರ ಪ್ರೆಸ್ಸನ್ನ ನಂಬಿ ಕೂರಲಿಲ್ಲ, ನಮ್ಮದೇ ಮುದ್ರಣಾಲಯ ಇರಬೇಕು ಅಂತ ಕಟ್ಟಿದ್ರು. ದಾದರಿನ ಅಂಬೇಡ್ಕರ್ ಭವನದ ಜೊತೆ ಆ ಮುದ್ರಣಾಲಯದ ಕಟ್ಟಡವನ್ನೂ 2016ರ ಜೂನ್‌ನಲ್ಲಿ ರಾತ್ರೋರಾತ್ರಿ ಕೆಡವಿದ್ರು. ಅಚ್ಚುಮನೆಗೆ ಬೆಲೆ ಇಲ್ಲದಿದ್ರೆ ಅದನ್ನ ಕಟ್ಟೋಕೆ ಅವರು ಅಷ್ಟು ಒದ್ದಾಡ್ತಿರಲಿಲ್ಲ.

ಅಷ್ಟು ಕಷ್ಟಪಟ್ಟು ಅವರು ಸಂಪಾದಿಸಿಕೊಟ್ಟ ಜಾಗದಲ್ಲಿ ನಾವು ಏನು ತುಂಬ್ತಿದ್ದೀವಿ? ನಮ್ಮ ತಲೆಗಳನ್ನ.

ಈಗ ಆ ಫ್ಲೆಕ್ಸಿನ ಕಥೆ. ಮಾರನೇ ದಿನ ಸಂಜೆ ಎಲ್ಲರೂ ಕೂತ್ವಿ. ನಾನು ಹೇಳಿದ್ದು ಇಷ್ಟೇ: ಫೋಟೋ ಯಾರದೂ ಬೇಡ. ಹೆಸರು ಎಲ್ಲರದೂ ಇರಲಿ, ಕೆಳಗೆ, ಒಂದೇ ಗಾತ್ರದಲ್ಲಿ, ಅಕಾರಾದಿಯಾಗಿ. ಗಲಾಟೆ ಆಯ್ತು. "ಫೋಟೋ ಇದ್ರೇನೇ ದುಡ್ಡು ಬರೋದು, ನಿಮಗೇನು ಸಂಬಳ ಬರುತ್ತೆ" ಅಂದ್ರು ಒಬ್ಬರು. ಮಾತು ಚುಚ್ಚಿತು, ಆದ್ರೆ ಸುಳ್ಳಲ್ಲ. ಹಿರಿಯರೊಬ್ಬರು ಕೊಟ್ಟಿದ್ದ ಮೂರು ಸಾವಿರ ವಾಪಸ್ ತಗೊಂಡ್ರು, ಇವತ್ತಿಗೂ ನನ್ನ ಹತ್ತಿರ ಮಾತಾಡಲ್ಲ. ಅವರ ಮುಖ ಊರಿನ ಗೋಡೆ ಮೇಲೆ ಬರೋಕೆ ನಮ್ಮ ಹಿಂದಿನ ತಲೆಮಾರು ಬಿಡ್ತಿತ್ತಾ, ಊರವರು ಬಿಡ್ತಿದ್ರಾ? ಆ ಆಸೆ ನನಗೂ ಅರ್ಥ ಆಗುತ್ತೆ. ಆದ್ರೆ ಧರಣಿ ಸತ್ತವರಿಗಾಗಿ. ಅವರ ಫೋಟೋ ಯಾರೂ ಕಳಿಸಿರಲಿಲ್ಲ.

ಎಂಟಡಿ ಫ್ಲೆಕ್ಸ್ ಕೈಬಿಟ್ವಿ. ಇದ್ದ ದುಡ್ಡಿನಲ್ಲಿ ಮೂರು ಬಟ್ಟೆ ಬ್ಯಾನರ್, ಒಂದು ಸಾವಿರ ಕರಪತ್ರ. ಬಿಳಿ ಮೇಲೆ ನೀಲಿ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದೊಡ್ಡದಾಗಿ: "ನಮ್ಮ ಸತ್ತವರಿಗೆ ಜಾಗ ಕೊಡಿ". ಅದನ್ನ ಡಿಸೈನ್ ಮಾಡಿದ್ದು ಅದೇ ಹುಡುಗ, ಸ್ಕ್ರೀನ್ ಎಳೆದಿದ್ದೂ ಅವನೇ.

ಪ್ರೆಸ್ಸಿಗೆ ಕೊಡೋ ಮೊದಲು ಪ್ರೂಫನ್ನ ಅವ್ವನ ಮುಂದೆ ಇಟ್ಟೆ. ಈಗ ಎಪ್ಪತ್ತು ದಾಟಿದೆ. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದ್ತಾ ಹೋದಳು. ಸ್ಮಶಾನ ಅನ್ನೋದನ್ನ ಓದಿ ಸ್ವಲ್ಪ ಹೊತ್ತು ಸುಮ್ಮನಾದಳು. ನಮ್ಮಪ್ಪನನ್ನ ಹೂತಿರೋದೂ ಅದೇ ಹಳ್ಳದ ಬದಿಯಲ್ಲಿ. ಆಮೇಲೆ ಮುಂದೆ ಹೋದಳು. ಒಂದು ಕಡೆ ಬೆರಳು ನಿಂತುಬಿಡ್ತು.

"ಪೂರ್ವಾಹ್ನ ಅಂದ್ರೆ ಏನ್ಲಾ?"

ಇಷ್ಟು ವರ್ಷ ಕಲಿತರೂ ನನ್ನೊಳಗಿನ ಗುಮಾಸ್ತ ಹೋಗಿರಲಿಲ್ಲ. "ಬೆಳಿಗ್ಗೆ 11 ಗಂಟೆ" ಅಂತ ತಿದ್ದಿ ಪ್ರೆಸ್ಸಿಗೆ ಕೊಟ್ಟೆ.

ಧರಣಿಗೆ ಜನ ಬಂದ್ರು. ಹೆಂಗಸರೇ ಜಾಸ್ತಿ ಇದ್ರು, ಕೈಯಲ್ಲಿ ಆ ಕರಪತ್ರ ಮಡಚಿ ಇಟ್ಕೊಂಡಿದ್ರು. ಸರ್ವೆ ಮಾಡಿಸ್ತೀವಿ ಅಂತ ಬರೆದು ಕೊಟ್ಟಿದ್ದಾರೆ. ಜಾಗ ಇನ್ನೂ ಸಿಕ್ಕಿಲ್ಲ. ಬಿಡಲ್ಲ.

ಯಾವ ತಾಲ್ಲೂಕಿನವರೇ ಆಗಲಿ, ಕರಪತ್ರ ಮಾಡಿಸೋ ಮೊದಲು ನನಗೆ ಕಳಿಸಿ. ಸಂಜೆ ಆರರ ಮೇಲೆ ನೋಡ್ತೀನಿ, ಕಾಸು ಬೇಡ. ನನಗೆ ಕಳಿಸೋಕೆ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಕೇರಿಯಲ್ಲಿ ತಡವಾಗಿ ಓದು ಕಲಿತ ಅವ್ವಂದಿರು ಯಾರಾದ್ರೂ ಇರ್ತಾರೆ. ಅವರ ಕೈಗೆ ಕೊಟ್ಟು ಪಕ್ಕದಲ್ಲಿ ಸುಮ್ಮನೆ ಕೂತ್ಕೊಳ್ಳಿ. ಬೆರಳು ಎಲ್ಲಿ ನಿಲ್ಲುತ್ತೋ ಅಲ್ಲಿ ತಿದ್ದಿ.

ಜೈಭೀಮ್.